ಡೀಸೆಲ್ ಬಿಟ್ಟವರ ಪೆಟ್ರೋಲ್ ಎಂಜಿನ್

ಹತ್ತು ವರ್ಷದ ಹಿಂದೆ ಹೊರಕೆರೆದೇವರಪುರದ ಲಕ್ಷ್ಮೀನರಸಿಂಹಸ್ವಾಮಿ ಗುಡಿಯ ಬಳಿ ಕಾರೊಂದು ಬಂದು ನಿಂತರೆ ತಿರುಗಿ ನೋಡಬೇಕಾಗಿರಲಿಲ್ಲ. ಸದ್ದಿನಲ್ಲೇ ಗೊತ್ತಾಗುತ್ತಿತ್ತು, ಡೀಸೆಲ್ ಎಂದು. ಅಡಿಕೆ, ತೆಂಗು ಬೆಳೆಯುವವರು ತೋಟಕ್ಕೂ ಚಿತ್ರದುರ್ಗಕ್ಕೂ ಬೆಂಗಳೂರಿಗೂ ಒಂದೇ ಕಾರು ಓಡಿಸುವವರು. 1248 ಸಿಸಿಯ ಸ್ವಿಫ್ಟ್ ಡೀಸೆಲ್ 75 ಪಿಎಸ್ ಶಕ್ತಿಯದ್ದಾದರೂ 190 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತಿತ್ತು. ಐದು ಜನ ಕೂತು, ಡಿಕ್ಕಿ ತುಂಬಿದ್ದರೂ ಏರಿನಲ್ಲಿ ಗೇರ್ ಇಳಿಸುವ ಅಗತ್ಯ ಕಡಿಮೆ. 2020ರ ಏಪ್ರಿಲ್ 1ಕ್ಕೆ ಬಿಎಸ್ 6 ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಆ ಎಳೆತದ ರುಚಿ ಕಂಡವರಿಗೆ ಈಗ ತೋರಿಸುತ್ತಿರುವುದು ಟರ್ಬೊ ಇರುವ, ಸಿಲಿಂಡರಿನೊಳಕ್ಕೇ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಸಣ್ಣ ಎಂಜಿನ್. ಅದರಲ್ಲಿ ಸ್ಕೋಡಾ ಮತ್ತು ಫೋಕ್ಸ್‌ವ್ಯಾಗನ್‌ನ 1.0 ಟಿಎಸ್‌ಐಯನ್ನು ಇಲ್ಲಿ ಒರೆಗೆ ಹಚ್ಚಬೇಕೆಂದಿದ್ದೇನೆ. ಕುಶಾಕ್, ಟೈಗುನ್, ಸ್ಲಾವಿಯಾ, ವರ್ಟಸ್, ಕೈಲಾಕ್ ಎಲ್ಲದರೊಳಗೂ ಇರುವುದು ಇದೇ.

999 ಸಿಸಿ, ಮೂರು ಸಿಲಿಂಡರ್, 115 ಪಿಎಸ್, 178 ನ್ಯೂಟನ್ ಮೀಟರ್. ಈ ಅಂಕಿಗಳ ತೂಕ ತಿಳಿಯಬೇಕಾದರೆ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕು. ಟರ್ಬೊ ಇಲ್ಲದ ಮಾರುತಿಯ ಒಂದು ಲೀಟರ್ ಎಂಜಿನ್ ಕೊಡುವುದು 67 ಪಿಎಸ್, 89 ನ್ಯೂಟನ್ ಮೀಟರ್. ಆ ಟಾರ್ಕೂ ನಿಮಿಷಕ್ಕೆ 3500 ಸುತ್ತಿಗೆ ಏರಿದ ಮೇಲೆ. ಟಿಎಸ್‌ಐ ಅದರ ಸರಿಯಾಗಿ ಇಮ್ಮಡಿ ಟಾರ್ಕನ್ನು 1750 ಸುತ್ತಿಗೇ ಕೈಗೆ ಕೊಡುತ್ತದೆ. ಹಿರಿಯೂರಿನಲ್ಲಿ ಹೈವೇ ಹತ್ತಿ ಲಾರಿ ಸಾಲನ್ನು ದಾಟುವಾಗ ಬೇಕಾಗುವುದು ಇದೇ. ಆ ರಸ್ತೆಯಲ್ಲಿ ಈ ಎಂಜಿನ್ ಓಡಿಸಿದವರು ಡೀಸೆಲ್‌ಗೆ ಹಂಬಲಿಸುವುದಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. 1750ರ ಕೆಳಗೆ ಮಾತ್ರ ಅದಕ್ಕೆ ಮಂಪರು. ಊರೊಳಗಿನ ಹಂಪುಗಳಲ್ಲಿ ಎರಡನೇ ಗೇರಿನಲ್ಲೇ ಎಳೆಯಲು ಹೋದರೆ ಮುಗ್ಗರಿಸುತ್ತದೆ.

ನೇರ ಇಂಜೆಕ್ಷನ್ ನಮ್ಮ ಕಡೆಯ ಮೇಸ್ತ್ರಿಗಳಿಗೆ ಹೊಸದೇನಲ್ಲ. ಡೀಸೆಲ್ ಪಂಪಿಗೆ ಹೆಸರಾದ ಬೆಂಗಳೂರಿನ ಆಡುಗೋಡಿಯ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಟ್ರ್ಯಾಕ್ಟರ್ ಬಿಚ್ಚುವವರ ಬಾಯಲ್ಲಿ ಇನ್ನೂ ‘ಮೈಕೋ ಪಂಪು’, ‘ನಾಝಲ್’. ಡೀಸೆಲ್‌ನ ಆ ವಿದ್ಯೆಯನ್ನು ಪೆಟ್ರೋಲಿಗೆ ತಂದಿದ್ದಾರೆ. ಇದೂ ಇಂದಿನದಲ್ಲ, 1954ರ ಮರ್ಸಿಡಿಸ್ 300 ಎಸ್‌ಎಲ್‌ನಲ್ಲೇ ಬಾಷ್ ಪಂಪು ಸಿಲಿಂಡರಿಗೆ ನೇರ ಪೆಟ್ರೋಲ್ ಚಿಮ್ಮಿಸುತ್ತಿತ್ತು. ಒಳಗೇ ಆವಿಯಾಗುವ ಪೆಟ್ರೋಲ್ ಗಾಳಿಯನ್ನು ತಂಪು ಮಾಡುತ್ತದೆ, ಆದ್ದರಿಂದ ಟರ್ಬೊ ಒತ್ತಿ ತುಂಬಿದ ಗಾಳಿಯಲ್ಲೂ ಎಂಜಿನ್ ಬಡಿದುಕೊಳ್ಳುವುದು ಕಡಿಮೆ. ಏಪ್ರಿಲ್‌ನ ದುರ್ಗದ ಬಿಸಿಲಿಗೆ ಇದು ದೊಡ್ಡ ಅನುಕೂಲ. ಎಥೆನಾಲ್‌ನ ಆಕ್ಟೇನ್ ಹೆಚ್ಚು, ತಂಪು ಮಾಡುವ ಗುಣವೂ ಹೆಚ್ಚು. ಹಾಗಾಗಿ ಶೇ 20ರ ಬೆರಕೆ ಪೆಟ್ರೋಲನ್ನು ಇಂಥ ಎಂಜಿನ್ ಚೆನ್ನಾಗಿಯೇ ಉರಿಸುತ್ತದೆ. ಆದರೆ ಎಥೆನಾಲ್‌ನಲ್ಲಿ ಲೀಟರಿಗೆ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಮೈಲೇಜ್ ಇಳಿಯಿತೆಂದು ಎಂಜಿನ್ನನ್ನು ಬೈಯುವುದು ನ್ಯಾಯವಲ್ಲ.

ಆ 300 ಎಸ್‌ಎಲ್‌ಗೆ ಒಂದು ರೋಗವಿತ್ತು. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಮೇಲಿಂದ ಇಳಿದು ಆಯಿಲ್ ಸೇರುತ್ತಿತ್ತು, ಆಯಿಲ್ ನೀರಾಗುತ್ತಿತ್ತು. ಎಪ್ಪತ್ತು ವರ್ಷದಲ್ಲಿ ಪಂಪು, ನಾಝಲ್, ಕಂಪ್ಯೂಟರ್ ಎಲ್ಲ ಸುಧಾರಿಸಿವೆ. ಆ ಗುಣ ಮಾತ್ರ ಪೂರ್ತಿ ಹೋಗಿಲ್ಲ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ಮನೆಯಿಂದ ತೋಟಕ್ಕೆ, ತೋಟದಿಂದ ಡೇರಿಗೆ, ಅಲ್ಲಿಂದ ಮನೆಗೆ ಎಂದು ಎರಡೆರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಆಯಿಲ್ ಕಾಯುವುದೇ ಇಲ್ಲ. ಕಾದರೆ ತಾನೇ ಅದರೊಳಗಿನ ಪೆಟ್ರೋಲ್ ಆವಿಯಾಗಿ ಹೋಗುವುದು? ಅದೇ ತೆಳುವಾದ ಆಯಿಲ್, ನಿಮಿಷಕ್ಕೆ ಲಕ್ಷಗಟ್ಟಲೆ ಸುತ್ತು ತಿರುಗುವ ಟರ್ಬೊದ ಬೇರಿಂಗನ್ನೂ ಕಾಯಬೇಕು. ಜೊತೆಗೆ ನಮ್ಮ ಕೆಮ್ಮಣ್ಣಿನ ಧೂಳು. ಇದೆಲ್ಲ ಇದ್ದೂ ಕಂಪನಿ ಹೇಳುವ ಸರ್ವೀಸ್ 15,000 ಕಿಲೋಮೀಟರಿಗೆ ಅಥವಾ ವರ್ಷಕ್ಕೊಮ್ಮೆ. ಹೈವೇಯಲ್ಲಿ ಓಡುವವರಿಗೆ ಇದು ಸರಿ. ತೋಟದ ದಾರಿಯವರಿಗೆ ಇದನ್ನು ನಾನು ಒಪ್ಪುವುದಿಲ್ಲ. 7,500ಕ್ಕೊಮ್ಮೆ ಆಯಿಲ್ ಬದಲಿಸಬೇಕು, ಏರ್ ಫಿಲ್ಟರನ್ನು ಕಣ್ಣಾರೆ ನೋಡಬೇಕು.

ಆಯಿಲ್ ಎಂದರೆ ಯಾವುದೋ ಒಂದಲ್ಲ. ಟಾಪ್ ಗೇರಿನಲ್ಲಿ, ಕಡಿಮೆ ಸುತ್ತಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಟರ್ಬೊ ನೇರ ಇಂಜೆಕ್ಷನ್ ಎಂಜಿನ್ನಿನಲ್ಲಿ ಕಿಡಿ ಹಾರುವ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳಬಹುದು. ಪಿಸ್ಟನ್ ಒಡೆಯುವಷ್ಟು ಜೋರಾದ ಪೆಟ್ಟು ಅದು. ಆಯಿಲಿನಲ್ಲಿ ಬೆರೆಸುವ ಕ್ಯಾಲ್ಸಿಯಂ ಅಂಶವೂ ಇದಕ್ಕೆ ಕಾರಣವೆಂದು ಗೊತ್ತಾದ ಮೇಲೆ 2018ರಲ್ಲಿ ಎಪಿಐ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ಎಂಬ, ಇದನ್ನು ತಡೆಯುವ ಹೊಸ ಆಯಿಲ್ ದರ್ಜೆಗಳು ಬಂದವು. ಟ್ರ್ಯಾಕ್ಟರಿಗೆ ತಂದು ಉಳಿದ ಆಯಿಲನ್ನು ಇದಕ್ಕೆ ಸುರಿಯುವ ಉಳಿತಾಯ ಬೇಡ.

ಬಾಳಿಕೆಯ ವಿಷಯದಲ್ಲಿ ಈ ಎಂಜಿನ್ನಿನ ವಿನ್ಯಾಸಕ್ಕೆ ನನ್ನ ಮೆಚ್ಚುಗೆ ಇದೆ. ಇದರ ಟೈಮಿಂಗ್ ಬೆಲ್ಟ್ ಆಯಿಲಿನ ಹೊರಗೆ, ಒಣಗಿರುವ ಜಾಗದಲ್ಲಿ ತಿರುಗುತ್ತದೆ. ಅದೊಂದು ದೊಡ್ಡ ಮಾತೇ ಎನ್ನಬಹುದು. 2013ರಲ್ಲಿ ಇಕೋಸ್ಪೋರ್ಟ್‌ನಲ್ಲಿ ನಮ್ಮ ದೇಶಕ್ಕೆ ಬಂದ ಫೋರ್ಡ್‌ನ 1.0 ಇಕೋಬೂಸ್ಟ್ 125 ಪಿಎಸ್ ಕೊಡುತ್ತಿತ್ತು. ಪ್ರಪಂಚದ ಶ್ರೇಷ್ಠ ಎಂಜಿನ್ ಎಂಬ ಪ್ರಶಸ್ತಿಯನ್ನು ಸತತ ಮೂರು ವರ್ಷ ಗೆದ್ದದ್ದು. ಅದರ ಬೆಲ್ಟ್ ಆಯಿಲಿನಲ್ಲೇ ನೆನೆದು ತಿರುಗುತ್ತಿತ್ತು. ವರ್ಷ ಕಳೆದಂತೆ ಬೆಲ್ಟಿನ ಚೂರು ಉದುರಿ, ಆಯಿಲ್ ಪಂಪಿನ ಜಾಲರಿಗೆ ಕಟ್ಟಿಕೊಂಡು ಎಂಜಿನ್ನೇ ಹೋದ ಪ್ರಕರಣಗಳು ವಿದೇಶಗಳಲ್ಲಿ ಸಾಕಷ್ಟು. ಪ್ರಶಸ್ತಿ ಕೊಡುವಾಗ ಎಂಜಿನ್ನಿಗೆ ಹತ್ತು ವರ್ಷ ಆಗಿರುವುದಿಲ್ಲ.

ಟಿಎಸ್‌ಐಗೆ ಉಳಿಯುವ ಎರಡು ಕೊರತೆಗಳಲ್ಲಿ ಒಂದು, ಮಸಿ. ಪೆಟ್ರೋಲ್ ಈಗ ಇನ್‌ಟೇಕ್ ವಾಲ್ವಿನ ಮೇಲೆ ಹಾದುಹೋಗುವುದಿಲ್ಲ, ಹಾಗಾಗಿ ಅದನ್ನು ತೊಳೆಯುವವರಿಲ್ಲ. ಆಯಿಲ್ ಆವಿ ಅಲ್ಲೇ ಅಂಟಿ ಗಟ್ಟಿಯಾಗುತ್ತದೆ. ಟೊಯೋಟಾ ಕೆಲವು ಎಂಜಿನ್‌ಗಳಲ್ಲಿ ಎರಡೂ ಕಡೆ ನಾಝಲ್ ಇಟ್ಟು ಇದಕ್ಕೆ ಮದ್ದು ಕಂಡುಕೊಂಡಿದೆ, ಇಲ್ಲಿ ಅದಿಲ್ಲ. ಇನ್ನೊಂದು ನನ್ನನ್ನು ಹೆಚ್ಚು ಕಾಡುವುದು. ಟ್ರ್ಯಾಕ್ಟರಿನ ಪಂಪು ಕೆಟ್ಟರೆ ತಾಲ್ಲೂಕಿನಲ್ಲೇ ಬಿಚ್ಚಿ ಕೂರಿಸುವ ಕೈಗಳಿವೆ. ನೂರಾರು ಬಾರ್ ಒತ್ತಡದಲ್ಲಿ ಕೆಲಸ ಮಾಡುವ ಈ ಪೆಟ್ರೋಲ್ ಪಂಪು, ಇಂಜೆಕ್ಟರುಗಳನ್ನು ರಿಪೇರಿ ಮಾಡುವುದಿಲ್ಲ, ಬದಲಿಸುತ್ತಾರೆ. ಕಾರು ಟ್ರಕ್ ಏರಿ ದೊಡ್ಡ ಊರಿಗೇ ಹೋಗಬೇಕು. ಆದ್ದರಿಂದ ವಾರಕ್ಕೊಮ್ಮೆಯಾದರೂ ದೂರ ಓಡುವವರಿಗೆ ಇದು ಒಳ್ಳೆಯ ಎಂಜಿನ್. ಊರು ಬಿಟ್ಟು ಕದಲದವರಿಗೆ ಆ 67 ಪಿಎಸ್‌ನ ಸಾದಾ ಎಂಜಿನ್ನೇ ಮೇಲು.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಸರ್ವೀಸ್ ಪುಸ್ತಕದಲ್ಲಿ ಆಯಿಲ್ ಬದಲಿಸಿದ ತಾರೀಖುಗಳನ್ನು ನೋಡಿ. ಡಿಪ್‌ಸ್ಟಿಕ್ ಎಳೆದು ಮೂಸಿ. ಪೆಟ್ರೋಲ್ ವಾಸನೆ ಬರಬಾರದು. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಕೇಳಿಸಿಕೊಳ್ಳಿ. ನೀವು ಹೋಗುವ ಹೊತ್ತಿಗೆ ಬಾನೆಟ್ ಬಿಸಿಯಾಗಿದ್ದರೆ, ನಾಳೆ ಬೆಳಿಗ್ಗೆ ಬರುತ್ತೇವೆ, ಅಲ್ಲಿಯವರೆಗೆ ಕೀಲಿ ತಿರುಗಿಸಬೇಡಿ ಎಂದು ಹೇಳಿ ಬನ್ನಿ.