ವಜ್ರದ ಒಳಚಿತ್ರ: 1944ರ ಒಂದು ಪ್ರಬಂಧದ ಮರುಓದು

ಅಘನಾಶಿನಿ ಅಳಿವೆಯ ಸಾಣಿಕಟ್ಟಾ ಉಪ್ಪನ್ನು ಅಂಗೈಯಲ್ಲಿಟ್ಟು ನೋಡಿ. ಕೆಲವು ಹರಳು ತಿಳಿ, ಕೆಲವು ಮಬ್ಬು. ಬೆಳೆಯುವಾಗ ಒಳಗೆ ಸಿಕ್ಕಿಕೊಂಡ ಉಪ್ಪುನೀರಿನ ಹನಿಗಳು ಈ ಮಬ್ಬಿಗೆ ಕಾರಣ. ಪರಮಾಣುಗಳ ಜೋಡಣೆ ಮಾತ್ರ ಎರಡರಲ್ಲೂ ಒಂದೇ. 1913ರಲ್ಲಿ ಬ್ರ್ಯಾಗ್ ತಂದೆ-ಮಗ ಎಕ್ಸ್-ಕಿರಣಗಳ ನೆರವಿನಿಂದ ಉಪ್ಪಿನ ರಚನೆಯನ್ನೂ ವಜ್ರದ ರಚನೆಯನ್ನೂ ಬಿಡಿಸಿದರು. ಅವರಿಗೆ ದೊರೆತದ್ದು ಜೋಡಣೆಯ ಸರಾಸರಿ ನಕ್ಷೆ. ಹರಳಿನ ಒಳಗೆ ಯಾವ ಜಾಗ ಹೇಗಿದೆ ಎಂಬುದನ್ನು ಅದು ತಿಳಿಸದು.

ವಜ್ರದ ಬಗ್ಗೆ ಆ ಪ್ರಶ್ನೆ ಕೇಳಿದ ಪ್ರಬಂಧವೊಂದು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಿಂದ ಹೊರಬಂತು. 1944ರಲ್ಲಿ ಅದನ್ನು ಬರೆದವರು ಸಿ. ವಿ. ರಾಮನ್ ಅವರ ವಿದ್ಯಾರ್ಥಿ ಜಿ. ಎನ್. ರಾಮಚಂದ್ರನ್. ವಿಧಾನ ಸರಳ. ಸಣ್ಣ ರಂಧ್ರದಿಂದ ಹರಡಿಕೊಂಡು ಬರುವ, ಹಲವು ತರಂಗದೂರಗಳ ಎಕ್ಸ್-ಕಿರಣ ವಜ್ರದ ತೆಳು ಬಿಲ್ಲೆಯ ಮೇಲೆ ಬೀಳುತ್ತದೆ. ಬಿಲ್ಲೆಯ ಪ್ರತಿಯೊಂದು ಜಾಗವೂ ತನ್ನ ಕೋನಕ್ಕೆ ಹೊಂದುವ ತರಂಗದೂರವನ್ನು ಆಯ್ದು ಪ್ರತಿಫಲಿಸುತ್ತದೆ. ಫಲಕದ ಮೇಲೆ ಚುಕ್ಕೆಯ ಬದಲು ಇಡೀ ಬಿಲ್ಲೆಯ ಚಿತ್ರ ಮೂಡುತ್ತದೆ. ಆಸ್ಪತ್ರೆಯ ಎಕ್ಸ್-ರೇಯಂತೆ ಇದು ನೆರಳಲ್ಲ. ಕುಂದಿಲ್ಲದ ಭಾಗದಲ್ಲಿ ಮೇಲಿನ ಪದರಗಳೇ ಕಿರಣವನ್ನು ಪ್ರತಿಫಲಿಸಿಬಿಡುವುದರಿಂದ ಕೆಳಗಿನವಕ್ಕೆ ಅದು ತಲಪುವುದು ಕಡಿಮೆ. ಒಟ್ಟು ಪ್ರತಿಫಲನ ಕ್ಷೀಣ. ಜೋಡಣೆ ಕೆಟ್ಟ ಭಾಗವೇ ಪ್ರಬಲವಾಗಿ ಮೂಡುತ್ತದೆ! ಈ ಚಿತ್ರಗಳಿಗೂ ಅತಿನೇರಿಳೆ ಬೆಳಕಿನಲ್ಲಿ ವಜ್ರ ಹೊಳೆಯುವ ಮಾದರಿಗೂ ಹೋಲಿಕೆ ಕಂಡಿತು. ಪ್ರಬಂಧದ ನಿಜವಾದ ಗಳಿಕೆ ಇದು.

ವಿವರಣೆಗೆ ಬಂದಾಗ ನನ್ನ ತಕರಾರು. ವಜ್ರಕ್ಕೆ ನಾಲ್ಕು ರಚನೆಗಳುಂಟು, ಎರಡು ಚತುಷ್ಫಲಕ ಸಮ್ಮಿತಿಯವು, ಎರಡು ಅಷ್ಟಫಲಕ ಸಮ್ಮಿತಿಯವು, ಅವು ಒಂದೇ ಹರಳಿನಲ್ಲಿ ಹೆಣೆದುಕೊಂಡಿರಬಹುದು ಎಂಬುದು ರಾಮನ್ ವಾದ. ಕೆಲವು ವಜ್ರಗಳು 8 ಮೈಕ್ರಾನ್ ಆಸುಪಾಸಿನ ಅವಕೆಂಪು ಕಿರಣವನ್ನು ಹೀರುತ್ತವೆ, ಕೆಲವು ಹೀರವು. ಅವರ ಮುಖ್ಯ ಆಧಾರ ಅದು. ಶಿಷ್ಯ ತನ್ನ ಚಿತ್ರಗಳನ್ನೂ ಆ ಚೌಕಟ್ಟಿನಲ್ಲೇ ಓದಿದರು. ಆದರೆ ಹರಳಿಗೆ ಸಮ್ಮಿತಿ ಕೇಂದ್ರ ಇದೆಯೋ ಇಲ್ಲವೋ ಎಂಬುದನ್ನು ಸಾಮಾನ್ಯ ಎಕ್ಸ್-ಕಿರಣ ವಿವರ್ತನೆ ಗುರುತಿಸಲಾರದು. ಫ್ರಿಡೆಲ್ ನಿಯಮ ಆಗಲೇ ತಿಳಿದಿತ್ತು. ಚಿತ್ರಗಳು ತೋರಿಸಿದ್ದು ಜೋಡಣೆಯ ಕುಂದನ್ನು, ಸಮ್ಮಿತಿಯನ್ನಲ್ಲ. 1959ರಲ್ಲಿ ಕೈಸರ್ ಮತ್ತು ಬಾಂಡ್ ಆ ಹೀರಿಕೆಗೆ ಕಾರಣ ನೈಟ್ರೊಜನ್ ಅಶುದ್ಧಿ ಎಂದು ತೋರಿಸಿದರು. ಸಾಣಿಕಟ್ಟಾ ಹರಳಿನ ಹಾಗೆಯೇ: ರಚನೆ ಒಂದೇ, ಒಳಗೆ ಸೇರಿಕೊಂಡದ್ದು ಬೇರೆ.

ಜಯಂತಿ ಭಾಷಣಗಳಲ್ಲಿ ರಾಮನ್ ಅವರ ವಜ್ರಪ್ರೇಮದ ಮಾತು ಬರುತ್ತದೆ, ನೈಟ್ರೊಜನ್ ಮಾತು ಬರುವುದಿಲ್ಲ. ಇದರಿಂದ ನಷ್ಟವಾಗುವುದು ರಾಮಚಂದ್ರನ್‌ಗೆ. ಸಿದ್ಧಾಂತ ಬಿದ್ದರೂ ಅವರ ಚಿತ್ರಗಳು ಬೀಳಲಿಲ್ಲ. 1950ರ ದಶಕದ ಕೊನೆಗೆ ಎ. ಆರ್. ಲ್ಯಾಂಗ್ ಸೀಳುಗಿಂಡಿ ಬಳಸಿ, ಹರಳನ್ನೂ ಫಲಕವನ್ನೂ ಒಟ್ಟಿಗೆ ಸರಿಸಿ ಇನ್ನೂ ಸೂಕ್ಷ್ಮ ಚಿತ್ರ ತೆಗೆದರು. ವಜ್ರ ಪದರಪದರವಾಗಿ ಬೆಳೆದ ಬಗೆ ಅದರಲ್ಲಿ ಓದಿಸಿಕೊಂಡಿತು. ವಿಜ್ಞಾನ ಅಕಾಡೆಮಿಯ ಹಳೆಯ ಸಂಪುಟಗಳು ಈಗ ಅಂತರಜಾಲದಲ್ಲಿ ಸಿಗುತ್ತವೆ. 1944ರ ಆ ಪ್ರಬಂಧ ತೆರೆದರೆ ಮೊದಲು ಚಿತ್ರಗಳನ್ನು ನೋಡಿ, ವಿವರಣೆ ಆಮೇಲೆ.