ದೋಟಿಯ ತುದಿಯ ಕಣ್ಣು

ಸೇನೆಯ ಮಾತೆತ್ತಿದರೆ ಈಗ ಎಲ್ಲರ ಬಾಯಲ್ಲೂ ಡ್ರೋನ್. ಆಕಾಶದಿಂದಲೇ ಎಲ್ಲ ಕಾಣುವಾಗ ಯೋಧನೊಬ್ಬ ಉದ್ದನೆಯ ಕೋಲಿಗೆ ಕ್ಯಾಮೆರಾ ಸಿಕ್ಕಿಸಿಕೊಂಡು ಅಟ್ಟ, ಮೋರಿಗಳನ್ನು ಇಣುಕುವುದು ಹಳೇಕಾಲದ ಪಾಡು ಎಂಬ ಅಭಿಪ್ರಾಯ ಬಲವಾಗಿ ಬೇರೂರಿದೆ. ಮಾವಿನಕಾಯಿ ಕೀಳುವ ದೋಟಿಯಂತೆ ಕಾಣುವ ಆ ಸಾಧನವನ್ನು ಇಷ್ಟು ಹಗುರವಾಗಿ ತಳ್ಳಿಹಾಕುವುದು ತಪ್ಪು.

ಮನೆ ಶೋಧದಲ್ಲಿ ಅತಿ ಕೆಟ್ಟ ಗಳಿಗೆ ಬರುವುದು ಏಣಿಯ ಕೊನೆಯ ಮೆಟ್ಟಿಲಿನಲ್ಲಿ. ಅಟ್ಟದೊಳಗೆ ಏನಿದೆಯೆಂದು ತಿಳಿಯಲು ಅಲ್ಲಿ ಮೊದಲು ತೂರಿಸಬೇಕಾದದ್ದು ತಲೆ. ಈ ಸಂಕಟ ಹೊಸದಲ್ಲ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಗಲಿಪೊಲಿಯ ಕಂದಕಗಳಲ್ಲಿ ತಲೆಯೆತ್ತಿದವರಿಗೆ ಗುಂಡು ಬೀಳುತ್ತಿತ್ತು. ತಲೆಯೆತ್ತದೆಯೇ ಹೊರಗೆ ನೋಡಲು ಬಿಡುವ ಪೆರಿಸ್ಕೋಪಿನ ಕನ್ನಡಿಗಳು ಎಷ್ಟೋ ಸೈನಿಕರ ತಲೆ ಉಳಿಸಿದವು. ಕೋಲಿನ ಕ್ಯಾಮೆರಾ ಆ ಕನ್ನಡಿಯ ಮೊಮ್ಮಗು.

ಡ್ರೋನ್ ಬಯಲಿಗೆ ಸರಿ, ಗಡಿ ಕಾಯಲು ಸರಿ. ಇಕ್ಕಟ್ಟಿನಲ್ಲಿ ಅದರ ರೆಕ್ಕೆಗಾಳಿಗೆ ಧೂಳೆದ್ದು ಏನೂ ಕಾಣದಾಗುತ್ತದೆ, ಸದ್ದು ಅಡಗಿದವನನ್ನು ಎಚ್ಚರಿಸುತ್ತದೆ, ದಪ್ಪ ಗೋಡೆಗಳ ನಡುವೆ ಸಿಗ್ನಲ್ ಸೊರಗುತ್ತದೆ. ಇನ್ನೂ ದೊಡ್ಡ ತೊಡಕೆಂದರೆ ಜಾಮರ್. ರಿಮೋಟ್‌ನಿಂದ ಸಿಡಿಸುವ ಬಾಂಬನ್ನು ತಡೆಯಲು ತಂಡಗಳು ಜಾಮರ್ ಹಚ್ಚುತ್ತವೆ. ಅದು ತಮ್ಮದೇ ಡ್ರೋನಿನ ಸಂಪರ್ಕವನ್ನೂ ಕೆಡಿಸಬಲ್ಲದು. ಕೋಲಿನುದ್ದಕ್ಕೂ ತಂತಿ ಇಳಿದುಬಂದ ಕ್ಯಾಮೆರಾಕ್ಕೆ ಆ ಚಿಂತೆಯಿಲ್ಲ. (ಅದಕ್ಕೇ ಕೊಳ್ಳುವವರು ವೈರ್‌ಲೆಸ್ ಮಾದರಿಗೆ ಮರುಳಾಗಬಾರದು.) ಉಕ್ರೇನ್ ಯುದ್ಧವನ್ನೇ ನೋಡಿ: ಜಾಮಿಂಗ್ ತಾಳಲಾರದೆ ಎರಡೂ ಕಡೆಯವರು ಡ್ರೋನಿನ ಬಾಲಕ್ಕೆ ಫೈಬರ್ ಎಳೆ ಕಟ್ಟಿ ಹಾರಿಸತೊಡಗಿದರು. ಅತ್ಯಾಧುನಿಕ ಎಂದುಕೊಂಡದ್ದೇ ತಂತಿಗೆ ಮರಳಿತು.

ಕೋಲು ಎಲ್ಲವನ್ನೂ ಮಾಡೀತು ಎನ್ನುತ್ತಿಲ್ಲ. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಯ ಮೇಲೆ ಉಗ್ರರ ದಾಳಿ ನಡೆದಾಗ, ಬೆಂಗಳೂರಿನಲ್ಲಿ ಬೆಳೆದ, ರಾಷ್ಟ್ರೀಯ ಭದ್ರತಾ ಪಡೆಯ (ಎನ್‌ಎಸ್‌ಜಿ) ಲೆಫ್ಟಿನೆಂಟ್ ಕರ್ನಲ್ ನಿರಂಜನ್ ಮಡಿದದ್ದು ಗುಂಡಿನ ಕಾಳಗದಲ್ಲಲ್ಲ. ಹತನಾದ ಉಗ್ರನ ಶವದ ತಪಾಸಣೆಯ ವೇಳೆ ಗ್ರೆನೇಡ್ ಸಿಡಿದು. ಬಟ್ಟೆಯಡಿ, ಮಣ್ಣಿನಡಿ ಇರುವುದನ್ನು ಕೋಲಿನ ಕ್ಯಾಮೆರಾ ತೋರಿಸದು. ಅಲ್ಲಿಗೆ ಕೊಕ್ಕೆ, ಹಗ್ಗ, ನಾಯಿ, ಲೋಹಶೋಧಕ ಬೇಕು, ಎಲ್ಲಕ್ಕಿಂತ ಅವಸರ ಮಾಡದ ಮೇಲಧಿಕಾರಿ ಬೇಕು.

ಡ್ರೋನ್‌ಪ್ರಿಯರು ಮರೆಯುವ ಇನ್ನೊಂದು ಜೀವವಿದೆ: ಶೋಧ ನಡೆಯುವ ಊರಿನವನದು. ವೆಸ್ಟ್ ಬ್ಯಾಂಕಿನಲ್ಲಿ ಇಸ್ರೇಲಿ ಸೇನೆ, ಬೇಕಾದವನು ಅಡಗಿದ್ದಾನೆಂದು ಶಂಕಿಸಿದ ಮನೆಯ ಬಾಗಿಲಿಗೆ ನೆರೆಯ ಪ್ಯಾಲೆಸ್ಟೀನಿಯನ್ನನನ್ನು ಮುಂದೆ ಕಳಿಸುವ ಪದ್ಧತಿ ಇಟ್ಟುಕೊಂಡಿತ್ತು. 2005ರ ಅಕ್ಟೋಬರಿನಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟ್ ಅದು ಕಾನೂನುಬಾಹಿರ ಎಂದಿತು. ಬಾಗಿಲಾಚೆ ನೋಡಲು ಸಾಧನವಿಲ್ಲದ ಕಡೆ ನಿರಾಯುಧ ಮನುಷ್ಯನನ್ನೇ ಸಾಧನ ಮಾಡಿಕೊಳ್ಳುವ ದುರ್ಬುದ್ಧಿ ಯಾವ ಸೇನೆಗೂ ಹುಟ್ಟಬಹುದು. ಪ್ರತಿ ಶೋಧ ತಂಡದ ಕೈಯಲ್ಲೂ ಈ ಕೋಲಿದ್ದರೆ, ಊರಿನವನನ್ನು ಮುಂದೆ ನೂಕಿದ ಅಧಿಕಾರಿಗೆ ಬೇರೆ ದಾರಿ ಇರಲಿಲ್ಲವೆಂದು ಹೇಳಲು ಬಾಯಿರುವುದಿಲ್ಲ.