ಆವೃತ್ತಿಯನ್ನು ಅಳಿಸುವ ಎರಡು ಸಾಲು

ಅಂಕಿಅಂಶವನ್ನು ನಕ್ಷೆಯಾಗಿ, ರೇಖಾಚಿತ್ರವಾಗಿ ತೋರಿಸುವ ತಂತ್ರಾಂಶದೊಳಗೆ ಸಂಖ್ಯಾಶಾಸ್ತ್ರದ ಎಂಜಿನ್ ಒಂದನ್ನು ಕೂರಿಸಿದರೆ ಚಿತ್ರಕ್ಕೆ ಶಾಸ್ತ್ರದ ಬಲ ಬರುತ್ತದೆ ಎಂಬ ನಂಬಿಕೆ ಈಗ ಗಟ್ಟಿಯಾಗಿ ಬೇರೂರಿದೆ. ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ರೂಪಿಸಿದ, ಸಂಖ್ಯಾಶಾಸ್ತ್ರದ ಲೆಕ್ಕಕ್ಕೆಂದೇ ಇರುವ ಆರ್ ಭಾಷೆಯನ್ನು 2013ರಲ್ಲಿ ಇಂಥ ಚಿತ್ರ ಬಿಡಿಸುವ ತಂತ್ರಾಂಶವಾದ ಟ್ಯಾಬ್ಲೋ 8.1 ತನ್ನೊಡನೆ ಬೆಸೆದುಕೊಂಡಿತು. ಮೈಕ್ರೋಸಾಫ್ಟ್‌ನ ಪವರ್ ಬಿಐ 2015ರಲ್ಲಿ ಅದೇ ಹಾದಿ ಹಿಡಿಯಿತು. ಆರ್ ಭಾಷೆಯ ಕೀರ್ತಿ ಅರ್ಹವಾದುದೇ. ಆ ಕೀರ್ತಿಯನ್ನು ಬೆಸುಗೆಗೂ ಹಂಚಿಕೊಟ್ಟಿರುವುದು ಮಾತ್ರ ಅರ್ಹವಲ್ಲ, ಅದಕ್ಕೆ ಕಾರಣ ಪವರ್ ಬಿಐ ಬಳಕೆದಾರನ ಪ್ರತಿಯೊಂದು ಆರ್ ಚಿತ್ರದ ತಲೆಯ ಮೇಲೆ ತಾನೇ ಬರೆದಿಡುವ ಎರಡು ಸಾಲುಗಳಲ್ಲಿದೆ.

ಮೊದಲ ಸಾಲು ಆಯ್ದ ಕಾಲಂಗಳನ್ನು ಒಂದು ಕೋಷ್ಟಕವಾಗಿ ಜೋಡಿಸುತ್ತದೆ. ಎರಡನೆಯದು ಆ ಕೋಷ್ಟಕದ ಮೇಲೆ ‘ಯುನೀಕ್’ ಎಂಬ ಆಜ್ಞೆಯನ್ನು ನಡೆಸುತ್ತದೆ, ಎಂದರೆ ಎಲ್ಲ ಕಾಲಂಗಳಲ್ಲೂ ಒಂದೇ ಬೆಲೆಯಿರುವ ಅಡ್ಡಸಾಲುಗಳಲ್ಲಿ ಒಂದನ್ನು ಉಳಿಸಿ ಮಿಕ್ಕವನ್ನು ತೆಗೆದುಹಾಕುತ್ತದೆ. ಸಂಕೇತದ ಈ ಎರಡು ಸಾಲುಗಳು ಟಿಪ್ಪಣಿಯ ರೂಪದಲ್ಲಿ ಕಾಣಿಸಿಕೊಂಡರೂ ಯಾವಾಗಲೂ ನಡೆಯುತ್ತವೆ, ಬಳಕೆದಾರನು ಅಳಿಸಿದರೂ ನಿಲ್ಲುವುದಿಲ್ಲ.

ಇದರ ಪರಿಣಾಮವನ್ನು ಬೀದರ್ ಜಿಲ್ಲೆಯ ಮಳೆಯ ಲೆಕ್ಕಕ್ಕೆ ಹಚ್ಚಿ ನೋಡಬೇಕು. ಹೆಸರು, ಉದ್ದು, ತೊಗರಿ, ಸೋಯಾ ಬೆಳೆಯುವ ಈ ಸೀಮೆಯಲ್ಲಿ ಮುಂಗಾರಿನ ನಡುವೆ ಮಳೆ ಎಷ್ಟು ದಿನ ಕೈಕೊಟ್ಟಿತು ಎಂಬುದು ಒಟ್ಟು ಮಳೆ ಎಷ್ಟು ಬಿತ್ತು ಎಂಬಷ್ಟೇ ನಿರ್ಣಾಯಕವಾಗಿದ್ದು, ಬರದ ಘೋಷಣೆಗಾಗಿ ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿದ ಕೈಪಿಡಿಯೂ ಒಣ ಅವಧಿಯನ್ನು ಮಾನದಂಡಗಳಲ್ಲಿ ಸೇರಿಸಿಕೊಂಡಿದೆ. ಜಿಲ್ಲೆಯ ಔರಾದ್ ತಾಲ್ಲೂಕಿನ ಹತ್ತು ದಿನಗಳ ಕಲ್ಪಿತ ಲೆಕ್ಕವೊಂದನ್ನು ಇಟ್ಟುಕೊಳ್ಳಬಹುದು: ಏಳು ದಿನ ಸೊನ್ನೆ, ಎರಡು ದಿನ 10 ಮಿಲಿಮೀಟರ್, ಒಂದು ದಿನ 40. ಒಟ್ಟು 60, ದಿನದ ಸರಾಸರಿ 6, ನಡುಬೆಲೆ, ಎಂದರೆ ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ಮಧ್ಯದಲ್ಲಿ ನಿಲ್ಲುವ ಬೆಲೆ, ಸೊನ್ನೆ. ತಾಲ್ಲೂಕಿನ ಹೆಸರು ಮತ್ತು ಮಳೆ ಎಂಬ ಎರಡೇ ಕಾಲಂಗಳನ್ನು ಚಿತ್ರಕ್ಕೆ ಎಳೆದು, ಬೆಲೆಗಳನ್ನು ಕೂಡಿಸಬೇಡವೆಂದು ಸೂಚಿಸಿದರೆ, ಎಂಜಿನ್ನಿಗೆ ತಲುಪುವುದು 0, 10, 40 ಎಂಬ ಮೂರು ಸಾಲುಗಳು ಮಾತ್ರ, ಸರಾಸರಿ 16.7ಕ್ಕೆ ಏರುತ್ತದೆ, ನಡುಬೆಲೆ 10 ಆಗುತ್ತದೆ, ನೂರಕ್ಕೆ ಎಪ್ಪತ್ತಿದ್ದ ಒಣ ದಿನಗಳ ಪಾಲು ಮೂವತ್ತಮೂರಕ್ಕೆ ಇಳಿಯುತ್ತದೆ. ತಾಲ್ಲೂಕಿನ ಹೆಸರನ್ನೂ ಬಿಟ್ಟರೆ ಭಾಲ್ಕಿಯ ಸೊನ್ನೆ, ಬೀದರ್ ನಗರದ ಸೊನ್ನೆ, ಔರಾದ್‌ನ ಸೊನ್ನೆ ಎಲ್ಲವೂ ಒಂದೇ ಸೊನ್ನೆಯಾಗುತ್ತವೆ. ಆರ್ ಇಲ್ಲಿ ಎಲ್ಲಿಯೂ ತಪ್ಪು ಲೆಕ್ಕ ಮಾಡಿಲ್ಲ. ಅದರ ಕೈಗೆ ಬಂದ ದತ್ತಾಂಶವೇ ಬೇರೆ.

ದೋಷದ ಬೇರು ಅಡ್ಡಸಾಲು ಎಂದರೇನು ಎಂಬ ಪ್ರಶ್ನೆಯಲ್ಲಿದೆ. ಚಿತ್ರ ಬಿಡಿಸುವ ತಂತ್ರಾಂಶಕ್ಕೆ ಸಾಲು ಎಂದರೆ ತೆರೆಯ ಮೇಲಿನ ಒಂದು ಗುರುತು. ಒಂದೇ ಜಾಗದಲ್ಲಿ ಏಳು ಚುಕ್ಕೆ ಇಟ್ಟರೂ ಕಣ್ಣಿಗೆ ಒಂದೇ ಕಾಣುವುದರಿಂದ ಆರನ್ನು ಬಿಡುವುದು ಅದರ ಮಟ್ಟಿಗೆ ವಿವೇಕವೇ. ಸಂಖ್ಯಾಶಾಸ್ತ್ರಕ್ಕೆ ಸಾಲು ಎಂದರೆ ಒಂದು ವೀಕ್ಷಣೆ, ಅದು ಎಷ್ಟು ಸಲ ಮರುಕಳಿಸಿತು ಎಂಬ ಆವೃತ್ತಿಯೇ ಆ ಶಾಸ್ತ್ರದ ಮೊದಲ ಪಾಠ. ಟ್ಯಾಬ್ಲೋದಲ್ಲಿಯೂ ಇದೇ ಘರ್ಷಣೆ ಬೇರೆ ವೇಷದಲ್ಲಿದೆ: ಅಲ್ಲಿ ಚಿತ್ರದ ಮಟ್ಟಕ್ಕೆ ಮೊದಲೇ ಒಗ್ಗೂಡಿಸಿದ ಮೊತ್ತ, ಸರಾಸರಿಗಳು ಆರ್‌ಗೆ ಹೋಗುತ್ತವೆ.

ಈ ಟೀಕೆಗೆ ಸಿದ್ಧ ಉತ್ತರವೊಂದಿದೆ. ಪ್ರತಿ ಸಾಲಿಗೂ ಕ್ರಮಸಂಖ್ಯೆಯ ಕಾಲಂ ಸೇರಿಸಿದರೆ ಯಾವ ಎರಡು ಸಾಲೂ ಒಂದೇ ಆಗುವುದಿಲ್ಲ, ಈ ಉಪಾಯವನ್ನು ತಯಾರಕರೇ ಹೇಳಿದ್ದಾರೆ, ಆದ್ದರಿಂದ ತಪ್ಪು ಬಳಕೆದಾರನ ಅಜ್ಞಾನದ್ದು ಎಂದು ಸಾಧನದ ಪರವಾದ ವಿಮರ್ಶಕರು ವಾದಿಸುತ್ತಾರೆ. ವಾದ ದುರ್ಬಲವಾದುದು. ಉಪಾಯ ತಿಳಿದವನಿಗೆ ಮಾತ್ರ ಸರಿಯಾದ ಉತ್ತರ, ತಿಳಿಯದವನಿಗೆ ಅಷ್ಟೇ ಅಂದವಾದ ತಪ್ಪು ಉತ್ತರ ಕೊಡುವ ಸಾಧನವನ್ನು ವಿಶ್ವಾಸಾರ್ಹವೆನ್ನಲಾಗದು. ಟಿಪ್ಪಣಿ ಕಾಣುವುದು ಸಂಕೇತ ಬರೆಯುವವನಿಗೆ. ವರದಿ ಓದುವ ಅಧಿಕಾರಿಗೆ ಕಾಣುವುದು 72 ಡಿಪಿಐನ, ಒತ್ತಿದರೆ ಏನನ್ನೂ ತೆರೆಯದ ಚಿತ್ರ. ಎಷ್ಟು ಸಾಲು ಬಂದವು, ಎಷ್ಟು ಉಳಿದವು ಎಂಬ ಲೆಕ್ಕ ಅದರಲ್ಲಿಲ್ಲ. ಅಲ್ಲದೆ ಕ್ರಮಸಂಖ್ಯೆ ಸೇರಿಸಿದೊಡನೆ ಇನ್ನೊಂದು ಗೋಡೆ ಎದುರಾಗುತ್ತದೆ: ಆರ್ ಚಿತ್ರಕ್ಕೆ ಮೊದಲ 1,50,000 ಸಾಲುಗಳಷ್ಟೇ ಸಲ್ಲುತ್ತವೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭಗೊಂಡು ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿರುವ ಸಂಸ್ಥೆಯ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟಕ್ಕೆ ಇಳಿದಿವೆ. ಹದಿನೈದು ನಿಮಿಷಕ್ಕೊಮ್ಮೆ ದಾಖಲಿಸುವ ಒಂದು ಮಾಪಕ ವರ್ಷಕ್ಕೆ 35,040 ಸಾಲು ಕೊಡುತ್ತದೆ. ಬೀದರ್, ಭಾಲ್ಕಿ, ಔರಾದ್‌ಗಳಿಗೆ ಒಂದೊಂದರಂತೆ ಮೂರನ್ನು ಹಿಡಿದರೂ ಒಂದೂವರೆ ವರ್ಷ ತುಂಬುವ ಮೊದಲೇ ಮಿತಿ ಮುಗಿಯುತ್ತದೆ. ಇಲ್ಲಿ ಮಿತಿ ಮೀರಿತೆಂಬ ಸೂಚನೆಯಾದರೂ ಚಿತ್ರದ ಮೇಲೆ ಬರುತ್ತದೆ, ಯುನೀಕ್ ಆ ಸೌಜನ್ಯವನ್ನೂ ತೋರುವುದಿಲ್ಲ.

ಚಿತ್ರದ ತಂತ್ರಾಂಶದಲ್ಲಿ ಸಂಖ್ಯಾಶಾಸ್ತ್ರವೇ ಇರಬಾರದೆನ್ನುವ ಶುದ್ಧತಾವಾದಿಗಳ ಮಾತನ್ನೂ ಒಪ್ಪಬೇಕಿಲ್ಲ. ಪವರ್ ಬಿಐಯಲ್ಲಿಯೇ ದತ್ತಾಂಶವನ್ನು ಸಿದ್ಧಪಡಿಸುವ ಹಂತದಲ್ಲಿ, ಎಂದರೆ ಚಿತ್ರದ ಮಾತು ಬರುವ ಮುನ್ನ, ಆರ್ ಸಂಕೇತವನ್ನು ನಡೆಸಬಹುದು. ಅಲ್ಲಿ ಕೋಷ್ಟಕ ಇದ್ದಂತೆಯೇ ಎಂಜಿನ್ನಿಗೆ ದೊರೆಯುತ್ತದೆ. ಲೆಕ್ಕವನ್ನು ಅಲ್ಲಿ ಮುಗಿಸಿ, ಫಲಿತಾಂಶದ ಕೋಷ್ಟಕವನ್ನಷ್ಟೇ ಮಾಮೂಲಿ ಸ್ತಂಭಚಿತ್ರಕ್ಕೆ ಕೊಟ್ಟಾಗ ಔರಾದ್‌ನ ಸರಾಸರಿ 6 ಎಂದೇ ಬರುತ್ತದೆ, ಏಳು ಒಣ ದಿನಗಳು ಏಳಾಗಿಯೇ ಉಳಿಯುತ್ತವೆ.